ಗೆರೆಯ ಗಿರವಿ

ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ಅವರ ಕೈಗೆ ಎಸ್ಟರ್‌ಬ್ರೂಕ್ ಕಂಪನಿಯ 914 ನಂಬರಿನ ನಿಬ್ಬೇ ಆಗಬೇಕಿತ್ತು. ಕಂಪನಿ ಅದನ್ನು ನಿಲ್ಲಿಸುತ್ತದೆಂದು ತಿಳಿದಾಗ ಉಳಿದಿದ್ದ ದಾಸ್ತಾನನ್ನೆಲ್ಲ ಒಮ್ಮೆಗೇ ಕೊಂಡು ಇಟ್ಟುಕೊಂಡರು. ಅವರ ಕಾಮಿಕ್ ಸ್ಟ್ರಿಪ್ ‘ಪೀನಟ್ಸ್’ ಶುರುವಾದದ್ದು 1950ರ ಅಕ್ಟೋಬರ್ 2ರಂದು. ಕೊನೆಯ ಕಂತು ಅಚ್ಚಾದದ್ದು 2000ದ ಫೆಬ್ರುವರಿ 13ರಂದು, ಅವರು ತೀರಿಕೊಂಡ ಮರುದಿನ. ನಡುವೆ 17,897 ಕಂತುಗಳು. ಸ್ನೂಪಿಯ ಕಿವಿಯನ್ನಾಗಲೀ ಚಾರ್ಲಿ ಬ್ರೌನ್‌ನ ಅಂಗಿಯ ಅಂಕುಡೊಂಕು ಪಟ್ಟಿಯನ್ನಾಗಲೀ ಅವರು ಸಹಾಯಕರ ಕೈಗೆ ಬಿಟ್ಟವರಲ್ಲ.

1981ರಲ್ಲಿ ಹೃದಯಕ್ಕೆ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಆಮೇಲಿನ ವರ್ಷಗಳಲ್ಲಿ ಕೈ ನಡುಗತೊಡಗಿತು. ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗೆರೆ ಎಳೆಯುವ ಪಾಡು ಬಂತು. ಪಾರ್ಕಿನ್ಸನ್ ಕಾಯಿಲೆ ಇರಬೇಕೆಂದು ಹಲವರು ಅಂದುಕೊಂಡಿದ್ದರು, ಆದರೆ ಅದು ಅದಾಗಿರಲಿಲ್ಲ. ಪಾರ್ಕಿನ್ಸನ್‌ನಲ್ಲಿ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುವುದು ಹೆಚ್ಚು. ಶುಲ್ಜ್ ಅವರದು ಕೆಲಸಕ್ಕೆಂದು ಕೈಯೆತ್ತಿದಾಗಲೇ ಕಾಡುವ ಬೇರೊಂದು ಬಗೆಯ ನಡುಕ. ಚಿತ್ರ ಬರೆಯುವವನಿಗೆ ಇದಕ್ಕಿಂತ ಕ್ರೂರವಾದದ್ದು ಇರಲಾರದು. 1990ರ ದಶಕದ ಕಂತುಗಳನ್ನು ತೆಗೆದು ನೋಡಿ: ನೆಲದ ಗೆರೆ ನೆಟ್ಟಗಿಲ್ಲ, ಲೈನಸ್‌ನ ಕೂದಲ ಎಳೆಗಳು ಅಲುಗುತ್ತಿವೆ. ನನಗಂತೂ ಆ ಕಾಲದ ಪೀನಟ್ಸ್ ಹಳೆಯದಕ್ಕಿಂತ ಒಂದು ಕೈ ಹೆಚ್ಚೇ ಇಷ್ಟ. ಅದಿರಲಿ.

ಈ ನಡುಕವನ್ನು ಇವತ್ತಿನ ಯಾವುದೇ ಪೆನ್ ಟ್ಯಾಬ್ಲೆಟ್ ಒಂದು ಗುಂಡಿ ಒತ್ತಿದರೆ ಅಳಿಸಿಬಿಡುತ್ತದೆ. ಚಿತ್ರ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ಸ್ಟೆಬಿಲೈಸರ್ ಎಂಬ ಸೌಲಭ್ಯವಿದೆ. ಪೆನ್ನಿನ ತುದಿ ಹಾದುಹೋದ ಬಿಂದುಗಳನ್ನು ಅದು ಒಂದೊಂದಾಗಿ ಗೆರೆ ಮಾಡುವುದಿಲ್ಲ. ಹಿಂದಿನ ಹತ್ತಾರು ಬಿಂದುಗಳನ್ನು ಕೂಡಿ ಸರಾಸರಿ ತೆಗೆದು, ಆ ಸರಾಸರಿಯ ಜಾಡಿನಲ್ಲಿ ಗೆರೆ ಎಳೆಯುತ್ತದೆ. ಶುಲ್ಜ್ ಅವರಿಗಿದ್ದಂಥ ನಡುಕದಲ್ಲಿ ಕೈ ಸೆಕೆಂಡಿಗೆ ಸುಮಾರು 4ರಿಂದ 12 ಸಲ ಅಲುಗುತ್ತದೆ. ಅಷ್ಟು ಬೇಗ ಅತ್ತಿತ್ತ ಹೋಗುವ ಚಲನೆ ಸರಾಸರಿಯಲ್ಲಿ ಕರಗಿಹೋಗುತ್ತದೆ, ಉದ್ದಕ್ಕೆ ಸಾಗುವ ಚಲನೆ ಮಾತ್ರ ಉಳಿಯುತ್ತದೆ. ಗೆರೆ ಪೆನ್ನಿಗಿಂತ ಅರೆಗಳಿಗೆ ಹಿಂದೆ ಬರುತ್ತದೆ ಎನ್ನುವುದೊಂದು ತೊಡಕು. ಅದಕ್ಕೆ ಕಣ್ಣು ಒಗ್ಗಿಕೊಳ್ಳುತ್ತದೆ.

ಹಾಗಿದ್ದರೆ ಕೈ ಸೋತವರು, ಕಾಸು ಕಡಿಮೆ ಇರುವವರು, ಗಡುವಿನ ಕೆಳಗೆ ನಲುಗುತ್ತಿರುವವರು ಎಲ್ಲರೂ ಪರದೆಗೆ ಹೊರಳಿ ಕಾಗದವನ್ನು ಬಿಟ್ಟಿರಬೇಕಲ್ಲ? ಬಹಳ ಜನ ಹೊರಳಿದ್ದಾರೆ, ಆದರೆ ಪೂರ್ತಿ ಬಿಟ್ಟವರು ಅಷ್ಟಿಲ್ಲ. ಬೆಳಿಗ್ಗೆ ಪರದೆಯ ಮುಂದೆ, ಮಧ್ಯಾಹ್ನ ಮಸಿಬಾಟಲಿಯ ಮುಂದೆ ಕೂರುವ ಕಲಾವಿದರು ಪ್ರಪಂಚದಾದ್ಯಂತ ಇದ್ದಾರೆ. ಅವರನ್ನು ಕಂಡಾಗ ‘ಹಳೆಯದರ ಮೋಹ’, ‘ಕಾಗದದ ಘಮ’ ಎಂದೆಲ್ಲ ನಾವು ಬರೆಯುತ್ತೇವೆ. ಮೋಹ ಇದ್ದೀತು. ಆದರೆ ನಾನು ನೋಡಿದಮಟ್ಟಿಗೆ ಅದರ ಹಿಂದೆ ಇರುವುದು ಹೆಚ್ಚಾಗಿ ಮನೆಖರ್ಚಿನ ಲೆಕ್ಕ.

ಲೆಕ್ಕಕ್ಕೆ ಹೋಗುವ ಮುನ್ನ ಇಂಕಿಂಗ್ ಎಂದರೆ ಏನೆಂದು ಒಂದಿಷ್ಟು ಹೇಳಬೇಕು. ಕಾಮಿಕ್ಸ್ ಪುಟವನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಪೆನ್ಸಿಲ್‌ನ ಬೂದುಬಣ್ಣ ಹಳೆಯ ಅಚ್ಚಿನ ಕ್ಯಾಮೆರಾಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲ, ಅದಕ್ಕೆ ಅಪ್ಪಟ ಕಪ್ಪು ಬೇಕಿತ್ತು. ಆದ್ದರಿಂದ ಪೆನ್ಸಿಲ್ ಗೆರೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಮತ್ತೆ ಬರೆಯುವ ಕಸುಬು ಹುಟ್ಟಿತು. ಅಮೆರಿಕದಲ್ಲಿ ಇದು ಬೇರೆಯೇ ಹುದ್ದೆಯಾಯಿತು: ಪೆನ್ಸಿಲ್ ಮಾಡುವವರು ಒಬ್ಬರು, ಮಸಿ ಮಾಡುವವರು ಇನ್ನೊಬ್ಬರು. ‘ಮೇಲೆ ತಿದ್ದುವ ಕೆಲಸ ತಾನೇ’ ಎಂದು ಹಗುರವಾಗಿ ಮಾತಾಡುವವರು ಒಮ್ಮೆ ಕೈಹಾಕಿ ನೋಡಬೇಕು. ನಿಬ್ಬಿನ ತುದಿ ಎರಡು ಸೀಳು. ಒತ್ತಿದರೆ ಅಗಲವಾಗಿ ದಪ್ಪ ಗೆರೆ, ಸಡಿಲಿಸಿದರೆ ಕೂದಲೆಳೆ. ಹತ್ತಿರದ್ದು ದಪ್ಪ, ದೂರದ್ದು ತೆಳು; ಬೆಳಕು ಬೀಳುವ ಕಡೆ ಗೆರೆ ಸಣಕಲಾಗಿ ಮಾಯವಾಗಬೇಕು, ನೆರಳಿನ ಕಡೆ ಉಬ್ಬಬೇಕು. ಪೆನ್ಸಿಲ್‌ನಲ್ಲಿ ಇಲ್ಲದ ಈ ತೀರ್ಮಾನಗಳೆಲ್ಲ ಮಸಿಯವನದೇ. ಮಣಿಕಟ್ಟು ಒಳಮುಖವಾಗಿ ಬಾಗುವ ಕಡೆಗಷ್ಟೇ ಕಮಾನು ಚೆನ್ನಾಗಿ ಬರುತ್ತದೆ, ಹಾಗಾಗಿ ಅನುಭವಸ್ಥರು ಕೈ ತಿರುಗಿಸುವ ಬದಲು ಹಾಳೆಯನ್ನೇ ತಿರುಗಿಸುತ್ತಾರೆ. ಬಲಗೈಯವರು ಎಡದಿಂದ ಬಲಕ್ಕೆ ಬರುತ್ತಾರೆ, ಇಲ್ಲದಿದ್ದರೆ ಒಣಗದ ಗೆರೆಯ ಮೇಲೆ ಅಂಗೈ ಸವರಿ ಅರ್ಧ ದಿನದ ಕೆಲಸ ಹಾಳು. ತಪ್ಪಿದ್ದಕ್ಕೆ ಬಿಳಿ ಬಣ್ಣ ಬಳಿದು ಮೇಲೆ ಮತ್ತೆ ಬರೆಯುವುದೇ ಸಾಮಾನ್ಯ ದಾರಿ.

ಈ ಕಸುಬಿಗೆ ಕಾಯಿಲೆ ಬಡಿದರೆ ಏನಾಗುತ್ತದೆ ಎನ್ನುವುದನ್ನು ರಿಚರ್ಡ್ ಥಾಮ್ಸನ್ ಅವರ ಬದುಕಿನಲ್ಲಿ ನೋಡಬಹುದು. ಅಮೆರಿಕದ ಮೇರಿಲ್ಯಾಂಡ್‌ನವರು. ‘ವಾಷಿಂಗ್ಟನ್ ಪೋಸ್ಟ್’ಗೆ ಬರೆಯುತ್ತಿದ್ದ ‘ಕಲ್ ಡಿ ಸ್ಯಾಕ್’ ಸ್ಟ್ರಿಪ್ 2007ರಲ್ಲಿ ದೇಶದ ಬೇರೆ ಪತ್ರಿಕೆಗಳಿಗೂ ಹೋಗತೊಡಗಿತು. ಆಲಿಸ್ ಎಂಬ ನಾಲ್ಕು ವರ್ಷದ ಪೋರಿ, ಊಟ ಎಂದರೆ ಮುಖ ಸಿಂಡರಿಸುವ ಅವಳ ಅಣ್ಣ ಪೀಟಿ, ಅವರ ಬೀದಿ, ಅಷ್ಟೇ ಕಥೆ. ಅದರ ಸೊಗಸೆಲ್ಲ ಗೆರೆಯಲ್ಲಿತ್ತು: ಪರಪರ ಕೆರೆದಂತಿರುವ, ಆದರೆ ಒಂದೂ ಹೆಚ್ಚಾಗಿಲ್ಲದ, ಅದ್ದಿ ಬರೆಯುವ ನಿಬ್ಬಿನ ಗೆರೆ. ಎರಡೇ ವರ್ಷಕ್ಕೆ, 2009ರಲ್ಲಿ, ತಮಗೆ ಪಾರ್ಕಿನ್ಸನ್ ಎಂದು ಥಾಮ್ಸನ್ ಓದುಗರಿಗೆ ತಿಳಿಸಿದರು.

ಪಾರ್ಕಿನ್ಸನ್ ಎಂದರೆ ನಡುಕ ಮಾತ್ರವಲ್ಲ. ಸ್ನಾಯು ಬಿಗಿಯುತ್ತದೆ, ಚಲನೆ ನಿಧಾನವಾಗುತ್ತದೆ, ಬರೆಯುತ್ತ ಬರೆಯುತ್ತ ಅಕ್ಷರ ಚಿಕ್ಕದಾಗುತ್ತ ಹೋಗುತ್ತದೆ. ಸ್ಟೆಬಿಲೈಸರ್ ನಡುಕವನ್ನು ಅಳಿಸೀತು, ಆದರೆ ಬಾರದ ಚಲನೆಯನ್ನು ಅದು ಎಲ್ಲಿಂದ ತರಬೇಕು? ದಿನಕ್ಕೊಂದು ಕಂತು ಎನ್ನುವ ಗಾಣ ಮಾತ್ರ ನಿಲ್ಲುವಂತಿರಲಿಲ್ಲ. 2011ರಲ್ಲಿ ಅವರಿಗೆ ಅಮೆರಿಕದ ವ್ಯಂಗ್ಯಚಿತ್ರಕಾರರ ಅತಿ ದೊಡ್ಡ ಗೌರವವಾದ ರೂಬೆನ್ ಪ್ರಶಸ್ತಿ ಬಂತು. ಮರುವರ್ಷ ಚಿಕಿತ್ಸೆಗಾಗಿ ರಜೆ ತೆಗೆದುಕೊಂಡಾಗ ಬೇರೆ ಕಲಾವಿದರು ಬಂದು ಸ್ಟ್ರಿಪ್ ನಡೆಸಿಕೊಟ್ಟರು. ಹಿಂದಿರುಗಿದ ಮೇಲೆ ಅವರು ಪೆನ್ಸಿಲ್ ಕೆಲಸವನ್ನು ತಾವೇ ಇಟ್ಟುಕೊಂಡು ಮಸಿಯ ಕೆಲಸವನ್ನು ಸ್ಟೇಸಿ ಕರ್ಟಿಸ್ ಎಂಬ ಇನ್ನೊಬ್ಬ ಕಲಾವಿದರಿಗೆ ಒಪ್ಪಿಸಿದರು. ಅದೂ ಹೆಚ್ಚು ದಿನ ನಡೆಯಲಿಲ್ಲ. 2012ರ ಸೆಪ್ಟೆಂಬರ್ 23ಕ್ಕೆ ಸ್ಟ್ರಿಪ್ ನಿಂತಿತು. 2016ರಲ್ಲಿ, 58ನೇ ವಯಸ್ಸಿನಲ್ಲಿ ಥಾಮ್ಸನ್ ತೀರಿಕೊಂಡರು.

ಇದೇ ಕಥೆಯಲ್ಲಿ ಇನ್ನೊಂದು ಘಟನೆ ಇದೆ. ಪಾರ್ಕಿನ್ಸನ್ ಸಂಶೋಧನೆಗೆ ಹಣ ಕೂಡಿಸಲು ಥಾಮ್ಸನ್ ಅವರ ಗೆಳೆಯರು ‘ಟೀಮ್ ಕಲ್ ಡಿ ಸ್ಯಾಕ್’ ಎಂಬ ಪ್ರಯತ್ನ ಆರಂಭಿಸಿ, ಹಲವು ಕಲಾವಿದರಿಂದ ಆಲಿಸ್-ಪೀಟಿಯರ ಚಿತ್ರ ಬರೆಸಿ ಪುಸ್ತಕ ಮಾಡಿ, ಮೂಲಚಿತ್ರಗಳನ್ನು ಹರಾಜು ಹಾಕಿದರು. 1995ರಲ್ಲಿ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ನಿಲ್ಲಿಸಿದ ಮೇಲೆ ಸಾರ್ವಜನಿಕವಾಗಿ ಕುಂಚ ಹಿಡಿಯದಿದ್ದ ಬಿಲ್ ವಾಟರ್ಸನ್ ಕೂಡ ಪೀಟಿಯದೊಂದು ತೈಲಚಿತ್ರ ಬರೆದುಕೊಟ್ಟರು. ಅದು 13,145 ಡಾಲರ್‌ಗೆ ಹೋಯಿತು. ಪುಸ್ತಕದಲ್ಲಿ ಅದೇ ಚಿತ್ರ ಸಾವಿರಾರು ಜನರ ಮನೆಗೆ ಹೋಗಿತ್ತು. ಆದರೂ ಕೈ ತಾಗಿದ ಒಂದೇ ಒಂದು ಹಲಗೆಗೆ ಅಷ್ಟು ಬೆಲೆ.

ಹೀಗೆ ಕೈ ತಾಗಿದ ಮೂಲಪ್ರತಿಯೇ ಕಾಮಿಕ್ಸ್ ಕಲಾವಿದರ ಮನೆಯ ಚಿನ್ನ. ಕಷ್ಟ ಬಂದ ದಿನ ಬೀರುವಿನಿಂದ ತೆಗೆದು ಮಾರಬಹುದಾದದ್ದು ಅದೊಂದೇ. ಪಿಂಚಣಿ ಇಲ್ಲ, ಪಾತ್ರದ ಹಕ್ಕು ಬಹುಪಾಲು ಪ್ರಕಾಶಕರದು, ಸಂಭಾವನೆ ಪುಟಕ್ಕಿಷ್ಟು. ಅಮೆರಿಕದ ದೊಡ್ಡ ಪ್ರಕಾಶನಗಳು ಮೂಲಪುಟಗಳನ್ನು ಕ್ರಮವಾಗಿ ಹಿಂದಿರುಗಿಸತೊಡಗಿದ್ದೇ 1970ರ ದಶಕದಲ್ಲಿ. ಅದಕ್ಕೂ ಮುಂಚೆ ಬರೆದವರ ಗತಿ? ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್‌ಗಳನ್ನು ರೂಪಿಸಿದವರಲ್ಲಿ ಒಬ್ಬರಾದ ಜಾಕ್ ಕರ್ಬಿ ತಮ್ಮ ಪುಟಗಳಿಗಾಗಿ 1980ರ ದಶಕದಲ್ಲಿ ಮಾರ್ವೆಲ್ ಕಂಪನಿಯ ಜೊತೆ ವರ್ಷಗಟ್ಟಲೆ ಗುದ್ದಾಡಿದರು. ಬೇರೆ ಕಲಾವಿದರಿಗೆ ಒಂದು ಬಗೆಯ ಒಪ್ಪಂದಪತ್ರ, ಕರ್ಬಿಗೆ ಮಾತ್ರ ಇನ್ನೂ ಉದ್ದದ, ಇನ್ನೂ ಬಿಗಿಯಾದ ಪತ್ರ. ಕೊನೆಗೆ 1987ರಲ್ಲಿ ಸುಮಾರು 2,000 ಪುಟ ಕೈಸೇರಿತು. ಅವರು ಆ ಕಂಪನಿಗೆ ಬರೆದದ್ದರಲ್ಲಿ ಅದು ಸಣ್ಣ ಪಾಲು.

ಈ ಚಿನ್ನ ಕಷ್ಟಕ್ಕೆ ಒದಗುವ ಬಗೆಗೆ ಸ್ಟಾನ್ ಸಕಾಯ್ ಅವರದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕ್ಯೋಟೊದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಸಕಾಯ್, ಮೊಲದ ರೂಪದ ಸಮುರಾಯ್ ‘ಉಸಾಗಿ ಯೊಜಿಂಬೊ’ನನ್ನು 1984ರಿಂದ ಬರೆಯುತ್ತ ಬಂದವರು. ಕಥೆ, ಪೆನ್ಸಿಲ್, ಮಸಿ, ಅಕ್ಷರ ಎಲ್ಲವೂ ಅವರದೇ, ಎಲ್ಲವೂ ಕಾಗದದ ಮೇಲೆ. ಪತ್ನಿಯ ಮಿದುಳಿನ ಗೆಡ್ಡೆಯ ಚಿಕಿತ್ಸೆ ವರ್ಷಗಳ ಕಾಲ ನಡೆದು ಖರ್ಚು ಕೈಮೀರಿತು. ಆಗ ಲಾಸ್ ಏಂಜಲೀಸ್‌ನ ಕಾಮಿಕ್ಸ್ ಕಲಾವಿದರ ಸಂಘ ಒಂದು ಕರೆ ಕೊಟ್ಟಿತು. ಹಲವು ದೇಶಗಳಿಂದ ಕಲಾವಿದರು ತಂತಮ್ಮ ಶೈಲಿಯಲ್ಲಿ ಉಸಾಗಿಯನ್ನು ಬರೆದು ಕಳಿಸಿದರು. ಆ ಮೂಲಚಿತ್ರಗಳು ಹರಾಜಾದವು. ಡಾರ್ಕ್ ಹಾರ್ಸ್ ಪ್ರಕಾಶನ 2014ರಲ್ಲಿ ಅವುಗಳ ಪುಸ್ತಕ ತಂದಿತು. ಆ ವರ್ಷವೇ ಪತ್ನಿ ತೀರಿಕೊಂಡರು. ಸಕಾಯ್ ಮತ್ತೆ ಮೇಜಿಗೆ ಮರಳಿದರು. ಸಂಘಕ್ಕೆ ಬಂದು ಬಿದ್ದ ಚಿತ್ರಗಳೆಲ್ಲ ಬರೀ ಕಂಪ್ಯೂಟರ್ ಕಡತಗಳಾಗಿದ್ದರೆ ಹರಾಜು ಕೂಗುವುದಾದರೂ ಏನನ್ನು?

ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆಂದೇ 2000ದಲ್ಲಿ ಹುಟ್ಟಿದ ‘ಹೀರೋ ಇನಿಶಿಯೇಟಿವ್’ ಸಂಸ್ಥೆಯೂ ಇದೇ ದಾರಿ ಹಿಡಿದಿದೆ. ಖಾಲಿ ಮುಖಪುಟ ಅಚ್ಚು ಹಾಕಿಸಿ, ಅದರ ಮೇಲೆ ನೂರು ಕಲಾವಿದರಿಂದ ಕೈಯಾರೆ ಬರೆಸಿ, ಹರಾಜು ಮಾಡುತ್ತದೆ. ಆಸ್ಪತ್ರೆಯ ಬಿಲ್ಲು ಕಟ್ಟಲು ಕೊನೆಗೂ ಒದಗುವುದು ಮಸಿಯೇ. ಇಂಥ ನೆರವಿನ ಜರೂರು ಏನೆಂಬುದಕ್ಕೆ ನಾರ್ಮ್ ಬ್ರೇಫೋಗಲ್ ಒಬ್ಬರು ಸಾಕು. 1980ರ ದಶಕದ ಕೊನೆಯಲ್ಲಿ ಬ್ಯಾಟ್‌ಮ್ಯಾನ್‌ನ ನಿಲುವಂಗಿಗೆ ಗಾಳಿ ತುಂಬಿದವರು ಅವರು. ಎಡಚರು. 2014ರ ಡಿಸೆಂಬರ್‌ನಲ್ಲಿ ಪಾರ್ಶ್ವವಾಯು ಬಡಿದು ಸೋತದ್ದು ಎಡಭಾಗವೇ. ಚಿಕಿತ್ಸೆಗೆ ಅಭಿಮಾನಿಗಳಿಂದ ಹಣ ಕೂಡಿಸಬೇಕಾಯಿತು. ಮತ್ತೆ ಮೊದಲಿನಂತೆ ಬರೆಯಲಾಗದೆ 2018ರಲ್ಲಿ ಹೋಗಿಬಿಟ್ಟರು.

ಇನ್ನು ಪರದೆಯ ಕಡೆಗೆ. ಕಂಪ್ಯೂಟರ್‌ನಲ್ಲಿ ಬರೆದ ಮೊದಲ ವಾಣಿಜ್ಯ ಕಾಮಿಕ್ಸ್ ಎಂದು ಹೆಸರಾದ ‘ಶ್ಯಾಟರ್’ 1985ರದು. ಮೈಕ್ ಸೇನ್ಜ್ ಅದನ್ನು ಆ್ಯಪಲ್ ಮ್ಯಾಕಿಂಟಾಶ್‌ನಲ್ಲಿ, ಮೌಸ್ ಹಿಡಿದು, ಕಪ್ಪು ಬಿಳುಪಿನಲ್ಲಿ ಬರೆದರು. ಗೆರೆಯೆಲ್ಲ ಮೆಟ್ಟಿಲು ಮೆಟ್ಟಿಲು. ಬಣ್ಣ ಹಾಕಿದ್ದು ಮಾತ್ರ ಪ್ರಿಂಟ್ ತೆಗೆದು, ಹಳೆಯ ಕೈವಿಧಾನದಲ್ಲೇ. ಕಾಗದ-ಕಂಪ್ಯೂಟರ್‌ಗಳ ಬೆರಕೆ ಶುರುವಾದದ್ದು ಮೊದಲ ದಿನದಿಂದಲೇ ಎನ್ನಬಹುದು. 2001ರಲ್ಲಿ ಜಪಾನಿನ ವಾಕಾಮ್ ಕಂಪನಿ ಪರದೆಯ ಮೇಲೆ ನೇರವಾಗಿ ಬರೆಯಬಹುದಾದ ಸಿಂಟಿಕ್ ತಂದಿತು. 2015ರಲ್ಲಿ ಆ್ಯಪಲ್ ಪೆನ್ಸಿಲ್ ಬಂತು. ಬರೆಯುವ ಕಡೆಯೇ ಗೆರೆ ಕಾಣುವಂತಾದ ಮೇಲೆ ಹೊರಳಿದವರ ಸಂಖ್ಯೆ ಬೆಳೆಯಿತು.

ಲಾಭಗಳು ಗೊತ್ತಿರುವವೇ. ತಪ್ಪಿದರೆ ಅನ್‌ಡೂ. ಮಸಿ ಒಣಗುವುದನ್ನು ಕಾಯಬೇಕಿಲ್ಲ. ಹಾಳೆ ತಿರುಗಿಸಿದಂತೆ ಚಿತ್ರವನ್ನೂ ತಿರುಗಿಸಬಹುದು. ಕಣ್ಣು ಮಂದವಾದವರು ಹಿಗ್ಗಿಸಿ ನೋಡಬಹುದು. ಈ ಹಿಗ್ಗಿಸುವುದರಲ್ಲೇ ಬಲೆಯೂ ಇದೆ: ಅಚ್ಚಿನಲ್ಲಿ ಸಾಸಿವೆ ಗಾತ್ರಕ್ಕೆ ಇಳಿಯುವ ಮುಖಕ್ಕೆ ರೆಪ್ಪೆಗೂದಲು ಬರೆಯುತ್ತ ರಾತ್ರಿ ಕಳೆಯುವವರುಂಟು. ನೋವೂ ಪೂರ್ತಿ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ನಿಬ್ಬು ಒತ್ತಿ ಹೆಬ್ಬೆರಳ ಬುಡ ನೋಯುತ್ತಿದ್ದದ್ದು ಈಗ ಕುತ್ತಿಗೆಗೆ, ಭುಜಕ್ಕೆ. ಖರ್ಚಿನ ರೀತಿಯೂ ಬೇರೆ. ನಿಬ್ಬು, ಮಸಿ, ಹಾಳೆಯನ್ನು ಕೈಯಲ್ಲಿ ಕಾಸಿದ್ದಷ್ಟು ಕೊಳ್ಳಬಹುದು. ದೊಡ್ಡ ಪರದೆಯ ಟ್ಯಾಬ್ಲೆಟ್‌ಗೆ ಒಮ್ಮೆಗೇ ದೊಡ್ಡ ಮೊತ್ತ ಸುರಿಯಬೇಕು. ಅಡೋಬಿಯಂಥ ಕಂಪನಿಗಳು 2013ರಿಂದ ಸಾಫ್ಟ್‌ವೇರನ್ನು ಬಾಡಿಗೆಗೆ ಕೊಡುತ್ತಿವೆ. ಕೆಲಸ ಇರಲಿ ಬಿಡಲಿ, ತಿಂಗಳ ಕಂತು ತಪ್ಪದು.

ಎಲ್ಲಕ್ಕಿಂತ ದೊಡ್ಡ ಬೆಲೆ ಬೇರೆ. ‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ ಬರೆದ ಬ್ರಿಟನ್ನಿನ ಬ್ರಯನ್ ಬೊಲ್ಯಾಂಡ್ ಮಸಿಯ ಪರಿಣತರಲ್ಲಿ ಮೊದಲ ಸಾಲಿನವರು. 1988ರ ಆ ಪುಟಗಳೆಲ್ಲ ಕಾಗದದವು, ಸಂಗ್ರಾಹಕರು ಹುಡುಕಿ ಕೊಳ್ಳುವಂಥವು. 1990ರ ದಶಕದ ಕೊನೆಯ ಹೊತ್ತಿಗೆ ಅವರು ಪೂರ್ತಿ ಡಿಜಿಟಲ್ ಆದರು. ಗೆರೆಯ ಹದ ಒಂದಿಷ್ಟೂ ಕೆಡಲಿಲ್ಲ. ಆದರೆ ಆಮೇಲಿನ ಮುಖಪುಟಗಳಿಗೆ ಮಾರುವ ಮೂಲಪ್ರತಿಯೇ ಇಲ್ಲ. ಹೆಸರಾದವರಿಗೆ ಇದು ನಡೆದೀತು, ಪುಟದ ಸಂಭಾವನೆಯಲ್ಲೇ ತಿಂಗಳು ದೂಡುವವರಿಗೆ ಕಷ್ಟ. 2021ರಲ್ಲಿ, ಡಿಜಿಟಲ್ ಕಡತಕ್ಕೆ ಮಾಲೀಕತ್ವದ ಗುರುತು ಕೊಟ್ಟು ಮಾರುವ ಎನ್‌ಎಫ್‌ಟಿ ಹುಚ್ಚು ಎದ್ದಾಗ ಕಡತಕ್ಕೂ ಮೂಲಪ್ರತಿಯ ಪಟ್ಟ ಸಿಕ್ಕೀತೆಂದು ಹಲವರು ಆಸೆಪಟ್ಟರು. ಆ ಮಾರ್ಚ್‌ನಲ್ಲೇ ಬ್ಯಾಟ್‌ಮ್ಯಾನ್ ಪ್ರಕಾಶಿಸುವ ಡಿಸಿ ಕಂಪನಿ, ತನ್ನ ಪಾತ್ರಗಳನ್ನು ಹಾಗೆ ಮಾರಕೂಡದೆಂದು ಕಲಾವಿದರಿಗೆ ಪತ್ರ ಬರೆಯಿತು. ಹುಚ್ಚೂ ಬೇಗನೆ ಇಳಿಯಿತು.

ಹೀಗಾಗಿ ನಡುದಾರಿಯೊಂದು ಹುಟ್ಟಿಕೊಂಡಿತು. ಪುಟದ ಕರಡು, ಪೆನ್ಸಿಲ್ ಎಲ್ಲವನ್ನೂ ಪರದೆಯಲ್ಲಿ ಮಾಡುವುದು. ಹೆಚ್ಚು ಅಳಿಸುವ, ತಿದ್ದುವ ಹಂತ ಅದೇ. ಕೈ ದೊಡ್ಡದಾಯಿತೇ, ಆ ಕೈಯನ್ನಷ್ಟೇ ಆರಿಸಿ ಕುಗ್ಗಿಸಬಹುದು. ಸಂಪಾದಕರು ಒಪ್ಪಿದ ಮೇಲೆ ಆ ಪೆನ್ಸಿಲ್ ಪುಟವನ್ನು 11 ಇಂಚು ಅಗಲ, 17 ಇಂಚು ಉದ್ದದ ಬ್ರಿಸ್ಟಲ್ ಬೋರ್ಡ್ ಎಂಬ ದಪ್ಪ ಹಾಳೆಯ ಮೇಲೆ ತಿಳಿನೀಲಿಯಲ್ಲಿ ಪ್ರಿಂಟ್ ತೆಗೆಯುತ್ತಾರೆ. ನೀಲಿ ಏಕೆಂದರೆ ಹಳೆಯ ಅಚ್ಚಿನ ಕ್ಯಾಮೆರಾ ತಿಳಿನೀಲಿಗೆ ಕುರುಡು. ಹಿಂದಿನವರು ನೀಲಿ ಪೆನ್ಸಿಲ್ ಬಳಸುತ್ತಿದ್ದದ್ದೂ ಅದಕ್ಕೇ, ಅಳಿಸುವ ಕೆಲಸ ಉಳಿಯುತ್ತಿತ್ತು. ಈ ನೀಲಿ ಪ್ರಿಂಟಿನ ಮೇಲೆ ನಿಬ್ಬು, ಬ್ರಷ್ಷು ಹಿಡಿದು ಮಸಿ ಮಾಡುತ್ತಾರೆ. ಇಂಕ್‌ಜೆಟ್ ಬಣ್ಣ ಹೆಚ್ಚಾಗಿ ಕೂತ ಕಡೆ ಮಸಿ ಸರಿಯಾಗಿ ಹಿಡಿಯದೆ ಮಣಿ ಮಣಿಯಾಗುವುದುಂಟು, ಆದ್ದರಿಂದ ಪ್ರಿಂಟನ್ನು ಕಂಡೂ ಕಾಣದಷ್ಟು ತೆಳುವಾಗಿ ತೆಗೆಯುವುದು ರೂಢಿ. ಒಣಗಿದ ಮೇಲೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ನೀಲಿಯನ್ನು ಒಂದೇ ಏಟಿಗೆ ತೆಗೆದರೆ ಅಚ್ಚಿಗೆ ಬೇಕಾದ ಅಪ್ಪಟ ಕಪ್ಪು ಸಿದ್ಧ. ದೊಡ್ಡ ಕಪ್ಪು ಜಾಗಗಳನ್ನು ತುಂಬುವುದು, ಚೌಕಟ್ಟಿನ ಗೆರೆ, ಸಣ್ಣಪುಟ್ಟ ತಿದ್ದುಪಡಿ ಮತ್ತೆ ಪರದೆಯಲ್ಲಿ. ಕೈ ನೋಯುವ ದಿನ ಪರದೆಯ ಪಾಲು ಹೆಚ್ಚು, ನೋವಿಲ್ಲದ ದಿನ ಕಾಗದದ್ದು. ಪೆನ್ಸಿಲ್ ಮಾಡುವವರೂ ಮಸಿ ಮಾಡುವವರೂ ಬೇರೆ ಬೇರೆ ಊರಲ್ಲಿದ್ದರೆ ಅಂಚೆಯ ಖರ್ಚೂ ಇಲ್ಲ. ಪೆನ್ಸಿಲ್‌ನವರು ಕಡತ ಕಳಿಸಿದರೆ ಮಸಿಯವರು ತಮ್ಮೂರಲ್ಲೇ ನೀಲಿ ಪ್ರಿಂಟ್ ತೆಗೆದುಕೊಳ್ಳುತ್ತಾರೆ. ಪೆನ್ಸಿಲ್ ಕೆಲಸವನ್ನೂ ಕಾಗದದ ಮೇಲೆ ಮಾಡಿ ಸ್ಕ್ಯಾನ್ ಕಳಿಸಿದ್ದರೆ ಒಂದೇ ಪುಟಕ್ಕೆ ಎರಡು ‘ಮೂಲ’: ಒಬ್ಬರ ಬಳಿ ಪೆನ್ಸಿಲ್ಲಿನದು, ಇನ್ನೊಬ್ಬರ ಬಳಿ ಮಸಿಯದು. ಸಂಗ್ರಾಹಕರು ಇದರ ಬಗ್ಗೆ ಇನ್ನೂ ಜಗಳವಾಡುತ್ತಲೇ ಇದ್ದಾರೆ.

ನಮ್ಮಲ್ಲಿ ಈ ಲೆಕ್ಕ ಬೇರೆ ಥರ ಬೆಳೆಯಿತು. ಕಾರ್ಕಳದ ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದಿರುವ ಅಮರ ಚಿತ್ರ ಕಥೆಯ ಸರಣಿ ಮೊದಲು ಬಂದದ್ದು 1965ರಲ್ಲಿ, ಕನ್ನಡದಲ್ಲಿ. ಆ ಹತ್ತು ಪುಸ್ತಕ ಪಾಶ್ಚಾತ್ಯ ಕಥೆಗಳವು. ಅದಕ್ಕೇ ರಾಮ್ ವಾಯೀರ್‌ಕರ್ ಚಿತ್ರಗಳಿದ್ದ ‘ಕೃಷ್ಣ’ ಇಂಗ್ಲಿಷ್‌ನಲ್ಲಿ 11ನೇ ನಂಬರಿನಿಂದ ಆರಂಭವಾಗುತ್ತದೆ. ಪುಟಕ್ಕಿಷ್ಟು ಎಂದು ಸಂಭಾವನೆ, ಮೂಲಪುಟ ಪ್ರಕಾಶಕರ ಕಪಾಟಿಗೆ: ಇದು ಬಹುಕಾಲ ಇಲ್ಲಿ ನಡೆದ ಪದ್ಧತಿ. ಮೂಲಚಿತ್ರ ಕೊಳ್ಳುವ ಮಾರುಕಟ್ಟೆಯೂ ಇರಲಿಲ್ಲವೆನ್ನಿ. ನಮ್ಮ ಕಲಾವಿದರನ್ನು ಕಾದದ್ದು, ಕಾದಷ್ಟರ ಮಟ್ಟಿಗೆ, ತಿಂಗಳ ಸಂಬಳ. ವಿಕ್ರಮ ಬೇತಾಳನನ್ನು ನಮ್ಮ ಕಣ್ಣಲ್ಲಿ ನಿಲ್ಲಿಸಿದ ಶಂಕರ್ ದಶಕಗಟ್ಟಲೆ ಚಂದಮಾಮದಲ್ಲೇ ದುಡಿದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ 2003ರಲ್ಲಿ ಪಾರ್ಶ್ವವಾಯುವಿಗೆ ಎಡಭಾಗ ಸೋತ ಮೇಲೂ ಚಿತ್ರ ಬಿಡಲಿಲ್ಲ. ಅವರ ಬೆನ್ನಿಗೊಂದು ಪತ್ರಿಕೆ ಇತ್ತು. ವಾಯೀರ್‌ಕರ್ ಮಕ್ಕಳ ಪತ್ರಿಕೆ ಟಿಂಕಲ್‌ಗಾಗಿ ರೂಪಿಸಿದ ಸುಪ್ಪಾಂಡಿ ಪಾತ್ರವನ್ನು 2003ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಅರ್ಚನಾ ಅಂಬೇರ್‌ಕರ್ ಮುಂದುವರಿಸಿದರು. ಅಪ್ಪನಿಂದ ಮಗಳಿಗೆ ಬಂದದ್ದು ಪುಟಗಳ ಕಟ್ಟಿಗಿಂತ ಹೆಚ್ಚಾಗಿ ಗೆರೆಯ ವರಸೆ.

ಅಂಥ ಸಂಬಳದ ಕುರ್ಚಿಗಳು ಈಗ ಕಡಿಮೆ. ಬೆಂಗಳೂರಿನಲ್ಲಿ 2006ರಿಂದ ಸ್ಟುಡಿಯೊ ನಡೆಸಿದ ವರ್ಜಿನ್ ಕಾಮಿಕ್ಸ್ ಎರಡೇ ವರ್ಷಕ್ಕೆ ಮಡಚಿಕೊಂಡು ಲಿಕ್ವಿಡ್ ಎಂಬ ಹೆಸರಿಗೆ ಬದಲಾಯಿತು. ಅಲ್ಲಿ ಪಳಗಿದ ಪೀಳಿಗೆಯೂ ಅದರ ನಂತರದವರೂ ಈಗ ಬಹುಪಾಲು ಸ್ವತಂತ್ರರು. ಮನೆಯಲ್ಲೇ ಕೂತು ಬೆಂಗಳೂರು, ಮುಂಬೈ, ಅಮೆರಿಕ ಎನ್ನದೆ ಕೆಲಸ ಹಿಡಿಯುತ್ತಾರೆ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಅವರ ಮೇಜುಗಳ ಮುಂದೆ ನಿಂತು ನೋಡಿ. ಬಣ್ಣದ ಪ್ರಿಂಟ್‌ಗಳು ರಾಶಿ ಬಿದ್ದಿರುತ್ತವೆ, ಜನ ಮಗುಚಿ ಹಾಕಿ ಮುಂದೆ ಹೋಗುತ್ತಾರೆ. ಪಕ್ಕದಲ್ಲಿ ಒಬ್ಬರು ಬ್ರಷ್ ಪೆನ್ನು ತೆಗೆದು ಕಾರ್ಡಿನ ಮೇಲೆ ಮುಖ ಬರೆಯಲು ಕೂತರೆ ಗುಂಪು ಕಟ್ಟುತ್ತದೆ, ದುಡ್ಡೂ ಹೊರಬರುತ್ತದೆ.

ಆದ್ದರಿಂದ ಸಾಲ, ಔಷಧಿ, ಬಾಡಿಗೆಗಳ ನಡುವೆ ಪುಟ ಎಣಿಸುವ ಕಲಾವಿದರು ಕಾಗದ-ಪರದೆಗಳ ಹಂಚಿಕೆಯನ್ನು ಕಥೆ ಓದುವಾಗಲೇ ಮಾಡಿಕೊಳ್ಳುತ್ತಾರೆ. ಇಬ್ಬರು ಕೋಣೆಯಲ್ಲಿ ಕೂತು ಮಾತಾಡುವ ಪುಟ ಪರದೆಗೆ, ಅದನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ನಾಯಕ ಮೊದಲ ಸಲ ಕಾಣುವ ಪುಟ, ಹೊಡೆದಾಟದ ಇಡೀ ಪುಟದ ಚಿತ್ರ, ಮುಖಪುಟ ಕಾಗದಕ್ಕೆ. ಸ್ಕ್ರಿಪ್ಟ್‌ನ ಅಂಚಿನಲ್ಲಿ ಆ ಮೂರೋ ನಾಲ್ಕೋ ಪುಟಗಳಿಗೆ ಗುರುತು ಬೀಳುತ್ತದೆ. ಒಪ್ಪಂದಪತ್ರ ಬಂದಾಗ ಸಂಭಾವನೆಯ ಅಂಕಿಗಿಂತ ಮೊದಲು ಹುಡುಕಬೇಕಾದ ಸಾಲೆಂದರೆ, ಆ ಪುಟಗಳ ಮೂಲಪ್ರತಿ ಯಾರದು ಎನ್ನುವುದು.